ಬೇಲಿಯ ಈಚೆಗಿನ ಹಕ್ಕಿ: ಮೋಟಾರು ಪಂದ್ಯಗಳೂ ನೋಡುವವನ ಪಾಲೂ

ನೋಡುವುದು ಕರ್ಮವೆನಿಸುತ್ತದೆಯೇ ಎಂಬ ಪ್ರಶ್ನೆಗೆ ಭಾರತೀಯ ಚಿಂತನೆಯಲ್ಲಿ ಒಂದೇ ಉತ್ತರವಿಲ್ಲ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರವನ್ನು ಆಶ್ರಯಿಸಿದ ಎರಡು ಹಕ್ಕಿಗಳ ಚಿತ್ರ ಬರುತ್ತದೆ. ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ತಿನ್ನದೆ ಬರಿದೇ ನೋಡುತ್ತಿರುತ್ತದೆ. ವೇದಾಂತಿಗಳು ಈ ಎರಡನೆಯ ಹಕ್ಕಿಯಲ್ಲಿ ಸಾಕ್ಷಿಯನ್ನು, ಅಂದರೆ ಆಗುವುದೆಲ್ಲವನ್ನೂ ಬೆಳಗುತ್ತಲೇ ಯಾವುದಕ್ಕೂ ಅಂಟಿಕೊಳ್ಳದ ಅರಿವನ್ನು ಕಂಡರು. ಯೋಗಸೂತ್ರವೂ ಜೈನ ಆಚಾರಶಾಸ್ತ್ರವೂ ಇನ್ನೊಂದು ದಾರಿ ಹಿಡಿದು ಹಿಂಸೆಯನ್ನು ಮೂರು ಬಗೆಯಾಗಿ ಎಣಿಸಿದವು: ತಾನೇ ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಇತರರು ಮಾಡಿದ್ದಕ್ಕೆ ಮನಸ್ಸು ಒಪ್ಪಿ ತಲೆದೂಗಿದ್ದು ಅನುಮೋದಿತ. ಈ ಎಣಿಕೆಯಂತೆ ಕೈಕಟ್ಟಿ ಕುಳಿತವನೂ ಲೆಕ್ಕದಿಂದ ಹೊರಗುಳಿಯುವುದಿಲ್ಲ. ಒಂದು ದಾರಿಯಲ್ಲಿ ನೋಟವು ಬಿಡುಗಡೆಯ ಮಾದರಿಯಾದರೆ, ಇನ್ನೊಂದರಲ್ಲಿ ಅದೇ ನೋಟ ಬಂಧನದ ಮೂರನೆಯ ಎಳೆ.

ಮೋಟಾರು ಪಂದ್ಯ ಎಂಬ ಒಂದೇ ಹೆಸರಿನಡಿ ಬರುವ ಹಲವು ಆಟಗಳಲ್ಲಿ ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಬಹುದು. ರೋಮಿನ ಗ್ಲೇಡಿಯೇಟರ್ ಕಾಳಗದಲ್ಲಿ ಕೊಲ್ಲುವುದು ಆಟದ ಉದ್ದೇಶದಲ್ಲೇ ಸೇರಿದ್ದರಿಂದ ಅಲ್ಲಿ ನೋಡುಗನ ಪಾಲೆಷ್ಟೆಂದು ಬಹಳ ಯೋಚಿಸಬೇಕಿಲ್ಲ. ನಾಟಕದಲ್ಲಿ ಸತ್ತವನು ಪರದೆ ಬಿದ್ದ ಮೇಲೆ ಎದ್ದು ಬಣ್ಣ ತೊಳೆದುಕೊಳ್ಳುವುದರಿಂದ ಅಲ್ಲಿಯೂ ಚಿಂತೆಯಿಲ್ಲ. ಮೋಟಾರು ಪಂದ್ಯ ಇವೆರಡರ ನಡುವೆ ನಿಲ್ಲುತ್ತದೆ. ಸಾವು ಅದರ ಗುರಿಯಲ್ಲ, ಆದರೆ ಅದರ ಅಂಗಳದಿಂದ ಎಂದೂ ಪೂರ್ತಿ ಹೊರಗೆ ಹೋಗುವುದೂ ಇಲ್ಲ; ಓಡಿಸುವವನು ತಾನಾಗಿ ಒಪ್ಪಿ ಬಂದವನು, ಆದರೆ ನೋಡುವವರೇ ಇಲ್ಲದಿದ್ದರೆ ಅಷ್ಟು ವೇಗಕ್ಕೆ, ಅಷ್ಟು ಖರ್ಚಿಗೆ ಅವಕಾಶವಿರುತ್ತಿತ್ತೇ ಎಂಬುದು ಅನುಮಾನ. ಇದಲ್ಲದೆ ರ‍್ಯಾಲಿ, ಸರ್ಕ್ಯೂಟ್, ಓವಲ್, ಸಹನಾ ಪಂದ್ಯ, ರಸ್ತೆಯ ಬೈಕ್ ಪಂದ್ಯ ಇವು ನೋಡುಗನನ್ನು ಒಂದೊಂದು ಜಾಗದಲ್ಲಿ ಕೂರಿಸಿ ಅವನ ಕಣ್ಣಿಗೆ ಒಂದೊಂದು ಬಗೆಯ ಉಣಿಸನ್ನು ಇಡುತ್ತವೆ. ಆದ್ದರಿಂದ ಯಾವ ಪಂದ್ಯ ಯಾರನ್ನು ಏಕೆ ಸೆಳೆಯುತ್ತದೆ ಎಂಬ ರುಚಿಯ ಪ್ರಶ್ನೆಯನ್ನು ನೋಡುಗನ ಹೊಣೆಯ ಪ್ರಶ್ನೆಯಿಂದ ಬಿಡಿಸಿ ಕೇಳಲಾಗದು.

ಓಟದ ಪಂದ್ಯ ನೋಡುವವರ ಮೇಲಿನ ದೂರುಗಳು ಬಹಳ ಹಳೆಯವು. ಕ್ರಿ.ಶ. 2ನೆಯ ಶತಮಾನದ ಆರಂಭದ ಹೊತ್ತಿಗೆ ರೋಮಿನ ಕಿರಿಯ ಪ್ಲಿನಿ ತನ್ನೊಂದು ಪತ್ರದಲ್ಲಿ ಸರ್ಕಸ್ಸಿನ ರಥದೋಟವನ್ನು ಕುರಿತು ತೆಗೆದ ಆಕ್ಷೇಪ ಇಂದಿಗೂ ಹಳಸಿಲ್ಲ. ಜನ ಕುದುರೆಯ ವೇಗಕ್ಕೋ ಸಾರಥಿಯ ಕೌಶಲಕ್ಕೋ ಮರುಳಾಗಿದ್ದರೆ ಒಪ್ಪಬಹುದಿತ್ತು, ಅವರು ಮರುಳಾಗಿರುವುದು ಬಟ್ಟೆಯ ಬಣ್ಣಕ್ಕೆ; ಓಟದ ನಡುವೆಯೇ ಸಾರಥಿಗಳು ಬಣ್ಣ ಬದಲಿಸಿಕೊಂಡರೆ ಜನರ ಒಲವೂ ಕೂಡಲೇ ಬಣ್ಣದ ಹಿಂದೆ ಹೋಗುತ್ತದೆ ಎಂಬುದು ಅವನ ವಾದದ ತಿರುಳು. ಬೈಜಾಂಟಿಯಮ್ಮಿನ ಕಾಲಕ್ಕೆ ನೀಲಿ ಮತ್ತು ಹಸಿರು ಎಂಬ ಎರಡು ಬಣಗಳ ಕಿಚ್ಚು 532ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನೇ ಸುಟ್ಟಿತು. ಪ್ಲಿನಿಗೆ ಬರಿಯ ಬೇಸರವಾಗಿದ್ದುದು ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ನನ ಕೈಯಲ್ಲಿ ಪಾಪವಾಯಿತು. ಮಾಡಲು ನಾಚಬೇಕಾದುದನ್ನು ನೋಡಲು ಮಾತ್ರ ಏಕೆ ನಾಚಬಾರದು ಎಂದು ಅವನು ಕೇಳಿದ; ನಮ್ಮ ಅನುಮೋದನೆಯ ತತ್ತ್ವಕ್ಕೆ ಇದು ದೂರದ ನೆಂಟ. ಆದರೆ ಅದೇ ಗ್ರಂಥದ ಕೊನೆಯಲ್ಲಿ ತೆರ್ತುಲಿಯನ್ನನು ಭಕ್ತರಿಗೆ ಇನ್ನೂ ದೊಡ್ಡ ನೋಟವೊಂದರ ಆಸೆ ತೋರಿಸುತ್ತಾನೆ: ಅಂತಿಮ ತೀರ್ಪಿನ ದಿನ ಬೆಂಕಿಯಲ್ಲಿ ಬೇಯುವವರ ಸಾಲಿನಲ್ಲಿ ಉರಿಯುವ ರಥದ ಸಾರಥಿಯೂ ಇರುತ್ತಾನಂತೆ! ನೋಟದ ಚಪಲವನ್ನು ಹಳಿಯಲು ಹೊರಟವನಿಗೂ ಅದನ್ನು ಬಿಡಲಾಗಲಿಲ್ಲವೆಂಬುದು ವಿಷಯದ ಜಟಿಲತೆಗೆ ಒಳ್ಳೆಯ ಪುರಾವೆ. ಸಂತ ಆಗಸ್ಟೀನನು ಇನ್ನೂ ಸೂಕ್ಷ್ಮವಾಗಿ ನೋಡಿದವನು. ತನ್ನ ಆತ್ಮನಿವೇದನೆಯಲ್ಲಿ ಅವನು ಗೆಳೆಯ ಅಲಿಪಿಯಸ್ಸನ ಕಥೆ ಹೇಳುತ್ತಾನೆ. ಕಾರ್ಥೇಜಿನಲ್ಲಿ ಸರ್ಕಸ್ಸಿನ ಹುಚ್ಚು ಹಿಡಿಸಿಕೊಂಡು ಅದರಿಂದ ಬಿಡಿಸಿಕೊಂಡಿದ್ದ ಈತನನ್ನು ರೋಮಿನಲ್ಲಿ ಸ್ನೇಹಿತರು ಗ್ಲೇಡಿಯೇಟರ್ ಕಾಳಗಕ್ಕೆ ಎಳೆದೊಯ್ದರು. ಅವನು ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತ, ಆದರೆ ಕಿವಿ ಮುಚ್ಚಿರಲಿಲ್ಲ. ಜನರ ಒಂದು ಬೊಬ್ಬೆಗೆ ಕಣ್ಣು ತೆರೆಯಿತು, ಆಮೇಲೆ ಮುಚ್ಚಲಿಲ್ಲ. ಸಾಕ್ಷಿಯಾಗಿ ಕೂರುತ್ತೇನೆಂದುಕೊಂಡವನನ್ನು ಗುಂಪು ಭೋಕ್ತೃವಾಗಿ ಮಾಡುವ ಬಗೆ ಇದು, ಮತ್ತು ಅದು ನಡೆಯುವುದು ಕಣ್ಣಿನಿಂದಲ್ಲ, ಕಿವಿಯಿಂದ ಎಂಬುದು ಎಂಜಿನ್ನಿನ ಸದ್ದಿಗೆ ಮೈಜುಮ್ಮೆನ್ನುವ ಇಂದಿನ ನೋಡುಗನಿಗೆ ಚೆನ್ನಾಗಿ ತಿಳಿಯುವ ಮಾತು.

ಬೌದ್ಧ ಪರಂಪರೆಯಲ್ಲಿ ಪ್ರಶ್ನೆ ಬೇರೆ ಕಡೆಯಿಂದ ಬರುತ್ತದೆ. ಸಂಯುಕ್ತ ನಿಕಾಯದಲ್ಲಿ ತಾಲಪುಟನೆಂಬ ನಟರ ಮುಖ್ಯಸ್ಥನು ಬುದ್ಧನ ಬಳಿ ಬಂದು, ಜನರನ್ನು ರಂಜಿಸಿದ ನಟನು ಸತ್ತ ಮೇಲೆ ನಗುವ ದೇವತೆಗಳ ಲೋಕಕ್ಕೆ ಹೋಗುತ್ತಾನೆಂದು ಹಿರಿಯರು ಹೇಳಿದ್ದು ನಿಜವೇ ಎಂದು ಕೇಳುತ್ತಾನೆ. ಎರಡು ಸಲ ಬುದ್ಧನು ಆ ಪ್ರಶ್ನೆ ಬೇಡವೆನ್ನುತ್ತಾನೆ. ಮೂರನೆಯ ಸಲ, ಮೊದಲೇ ರಾಗ ದ್ವೇಷ ಮೋಹಗಳಲ್ಲಿ ಸಿಕ್ಕಿಕೊಂಡವರ ಮುಂದೆ ಅವನ್ನೇ ಇನ್ನಷ್ಟು ಕೆರಳಿಸುವ ವಸ್ತುಗಳನ್ನು ತಂದೊಡ್ಡುವವನಿಗೆ ದೊರೆಯುವುದು ಸ್ವರ್ಗವಲ್ಲವೆಂದು ತಿಳಿಸಿದಾಗ ತಾಲಪುಟನು ಅಳುತ್ತಾನೆ. ಇಲ್ಲಿ ಆಡುವವನು ನೋಡುವವನ ಮನಸ್ಸಿಗೆ ಹೊಣೆಗಾರ. ಈ ಪ್ರಬಂಧ ಕೇಳುತ್ತಿರುವುದು ಅದರ ಮಗುಚಿದ ರೂಪವನ್ನು, ಅಂದರೆ ನೋಡುವವನು ಆಡುವವನ ಮೈಗೆ ಎಷ್ಟರ ಮಟ್ಟಿಗೆ ಹೊಣೆಗಾರನೆಂಬುದನ್ನು. ಭಾರತದಲ್ಲಿ ಫಾರ್ಮುಲಾ ಒನ್ ಪಂದ್ಯಗಳು 2011ರಿಂದ 2013ರವರೆಗೆ ನಡೆದ ಗ್ರೇಟರ್ ನೊಯ್ಡಾದ ಪಥಕ್ಕೆ, ಅದಿರುವ ಗೌತಮ ಬುದ್ಧ ನಗರ ಜಿಲ್ಲೆಯ ನೆನಪಿನಲ್ಲಿ, ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂದೇ ಹೆಸರಿಟ್ಟರು. ಉತ್ತರ ಪ್ರದೇಶ ಸರ್ಕಾರ ಈ ಪಂದ್ಯವನ್ನು ಕ್ರೀಡೆಯೆಂದು ಒಪ್ಪದೆ ಮನರಂಜನಾ ತೆರಿಗೆ ಕೇಳಿತು. ತೆರಿಗೆಯ ಗುಮಾಸ್ತರು ತಿಳಿಯದೆಯೇ ತಾಲಪುಟನ ಪ್ರಶ್ನೆಯನ್ನು ಕಡತಕ್ಕೆ ಸೇರಿಸಿದಂತಾಯಿತು.

ನೋಡುಗನನ್ನು ಸೆಳೆಯುವುದು ವೇಗ ಎಂಬುದು ಎಲ್ಲರೂ ಹೇಳುವ ಮಾತು. ಆದರೆ ವೇಗವನ್ನು ಕಾಣುವುದು ತೋರುವಷ್ಟು ಸುಲಭವಲ್ಲ. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ರಥವೇಗದ ವರ್ಣನೆ ಬರುವುದು ರಥದೊಳಗಿರುವ ದುಷ್ಯಂತನ ಬಾಯಿಂದ. ಚಿಕ್ಕದಾಗಿದ್ದುದು ಥಟ್ಟನೆ ದೊಡ್ಡದಾಗುವುದೂ ಬೇರೆ ಬೇರೆಯಾಗಿದ್ದುದು ಕೂಡಿಕೊಂಡಂತೆ ಕಾಣುವುದೂ ಓಡುತ್ತಿರುವವನಿಗೆ. ದಾರಿಯ ಬದಿಗೆ ನಿಂತವನ ಪಾಡನ್ನು ಹೇಳಲು ನಾಗಾರ್ಜುನ ಬೇಕು. ಮೂಲಮಧ್ಯಮಕಕಾರಿಕೆಯ ಎರಡನೆಯ ಪ್ರಕರಣದಲ್ಲಿ ಅವನು ಚಲನೆಯನ್ನು ಮೂರಾಗಿ ಒಡೆದು ನೋಡುತ್ತಾನೆ: ಗತ, ಅಂದರೆ ಆಗಲೇ ಸಾಗಿಹೋದ ದಾರಿ, ಅಗತ, ಅಂದರೆ ಇನ್ನೂ ಸಾಗಬೇಕಾದ ದಾರಿ, ಇವೆರಡನ್ನು ಬಿಟ್ಟು ಗಮ್ಯಮಾನ, ಅಂದರೆ ಈಗ ಸಾಗುತ್ತಿರುವ ದಾರಿ ಎಂಬುದು ಹುಡುಕಿದರೆ ಸಿಗುವುದಿಲ್ಲ. ತರ್ಕದ ಪುಸ್ತಕದಲ್ಲಿ ಒಗಟಿನಂತೆ ಕಾಣುವ ಈ ಮಾತು ರ‍್ಯಾಲಿ ನೋಡಲು ಹೋದವನಿಗೆ ಬರಿಯ ವರದಿ. ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ; ಕೆಲವು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಟು, ಸ್ಪೆಷಲ್ ಸ್ಟೇಜ್ ಎಂದು ಕರೆಯುವ ಮುಚ್ಚಿದ ರಸ್ತೆಯ ತುಣುಕುಗಳಲ್ಲಿ ಗಡಿಯಾರದೊಡನೆ ಸೆಣಸುತ್ತವೆ, ಮತ್ತು ಪಕ್ಕದಲ್ಲಿ ಕುಳಿತ ಕೋ-ಡ್ರೈವರ್ ಮುಂದಿನ ತಿರುವು ಎಷ್ಟು ಬಿಗಿ, ಏರು ಎಷ್ಟು ಎಂಬುದನ್ನು ಮೊದಲೇ ಬರೆದಿಟ್ಟ ಪೇಸ್ ನೋಟ್ಸ್ ನೋಡಿ ಓದುತ್ತಿರುತ್ತಾನೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಭಾರತದ ಸುತ್ತು ನಡೆದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಂಥ ಕಡೆ ನಿಂತವನಿಗೆ ಮೊದಲು ದೊರೆಯುವುದು ಕಾಯುವಿಕೆ. ಮಾರ್ಷಲ್ ಸೀಟಿ ಊದುತ್ತಾನೆ. ಸಿಲ್ವರ್ ಓಕ್ ಮರಗಳ ಹಿಂದೆ ಎಲ್ಲೋ ಎಂಜಿನ್ ಗುಡುಗಿ, ಗೇರು ಇಳಿಸಿದಾಗ ಪಟಪಟನೆ ಸಿಡಿದು, ಕಣಿವೆಯಲ್ಲಿ ಅಡಗಿ, ಮತ್ತೆ ಹತ್ತಿರವಾಗುತ್ತದೆ. ಮುಂದಿನ ಗಳಿಗೆಯಲ್ಲಿ ಕೆಂಪು ಧೂಳಿನ ಮೋಡವೊಂದು ದಾರಿಯ ಮೇಲೆ ನಿಂತಿರುತ್ತದೆ, ಕಲ್ಲಿನ ಚೂರುಗಳು ಗಿಡಗಳೊಳಗೆ ಸಿಡಿದಿರುತ್ತವೆ, ಕಾಫಿ ಎಲೆಗಳ ಹಸಿರು ಕಾಣದಾಗಿರುತ್ತದೆ. ಬರದಿದ್ದ ಕಾರು ಹೋಗಿಬಿಟ್ಟಿದೆ. ಎರಡು ಗಂಟೆ ನಡೆದು ಬಂದು ನಿಂತವನಿಗೆ ಸಿಕ್ಕಿದ್ದು ಅಗತ ಮತ್ತು ಗತ. ನಡುವಿನದು ಯಾರಿಗೂ ಸಿಕ್ಕಿಲ್ಲ.

ಸಿಗದುದನ್ನು ಹಿಡಿಯಬೇಕೆಂಬ ಹಟವೇ ರ‍್ಯಾಲಿಯ ಸೆಳೆತವಾಗಿರಬೇಕು, ಮತ್ತು ಅದರ ಅಪಾಯವೂ ಅದೇ. ನಮ್ಮ ರಥೋತ್ಸವದಲ್ಲಿ ತೇರು ನಿಧಾನವಾಗಿ ಬರುತ್ತದೆ, ನಿಂತು ದರ್ಶನ ಕೊಡುತ್ತದೆ, ಹಗ್ಗಕ್ಕೆ ಕೈ ಮುಟ್ಟಿಸಿದರೆ ಪುಣ್ಯವೆಂಬ ನಂಬಿಕೆಯಿದೆ. ನೋಡುಗ ಅಲ್ಲಿ ಎಳೆಯುವವನೂ ಹೌದು. ರ‍್ಯಾಲಿಯ ನೋಡುಗನಿಗೆ ಹಗ್ಗವಿಲ್ಲ. 1982ರಿಂದ 1986ರವರೆಗೆ ಗ್ರೂಪ್ ಬಿ ಎಂಬ ಅತಿ ಶಕ್ತಿಶಾಲಿ ಕಾರುಗಳ ಕಾಲದಲ್ಲಿ ಯೂರೋಪಿನ ಜನ ಆ ಕೊರತೆಯನ್ನು ತಾವೇ ತುಂಬಿಕೊಳ್ಳಲು ಹೊರಟರು. ದಾರಿಯ ಮಧ್ಯೆ ನಿಂತು, ಕಾರು ಮೈಮೇಲೆ ಬಂತೆನ್ನುವಾಗ ನೀರು ಸೀಳಿದಂತೆ ಎರಡು ಕಡೆಗೆ ಸರಿಯುವುದು, ಹಾದುಹೋಗುವ ಕಾರಿನ ಮೈಯನ್ನು ಅಂಗೈಯಿಂದ ಸವರುವುದು ಅವರ ಶೌರ್ಯವಾಯಿತು. 1986ರ ಮಾರ್ಚಿನಲ್ಲಿ ಪೋರ್ಚುಗಲ್ ರ‍್ಯಾಲಿಯ ಸಿಂತ್ರಾ ಸಮೀಪದ ಸ್ಟೇಜಿನಲ್ಲಿ ಜೋಕಿಂ ಸಾಂತೋಸನ ಫೋರ್ಡ್ ಕಾರು ದಾರಿಯಲ್ಲಿದ್ದವರನ್ನು ತಪ್ಪಿಸಲು ಹೋಗಿ ಹಿಡಿತ ಕಳೆದುಕೊಂಡು ಗುಂಪಿಗೆ ನುಗ್ಗಿತು. ಮೂವರು ಸತ್ತರು, 30ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆಮೇಲೆ ನಡೆದುದು ಈ ಚರ್ಚೆಗೆ ಬಹಳ ಮುಖ್ಯ: ಕಂಪನಿ ತಂಡಗಳ ಚಾಲಕರು ಒಟ್ಟಾಗಿ, ನೋಡುಗರ ಸುರಕ್ಷತೆಗೆ ಯಾರೂ ಹೊಣೆ ನಿಲ್ಲಲಾಗದ ಕಡೆ ತಾವು ಓಡಿಸುವುದಿಲ್ಲವೆಂದು ಬರೆದುಕೊಟ್ಟು ಪಂದ್ಯದಿಂದ ಹಿಂದೆ ಸರಿದರು. ತನ್ನ ಜೀವವನ್ನು ಪಣಕ್ಕಿಡಲು ಒಪ್ಪಿದವನೂ ಇನ್ನೊಬ್ಬನ ಜೀವ ಆ ಪಣದೊಳಗೆ ಬಂದಾಗ ಆಟ ನಿಲ್ಲಿಸಿದ. ತಿನ್ನುವ ಹಕ್ಕಿಗೆ ಇದ್ದ ವಿವೇಕ ನೋಡುವ ಹಕ್ಕಿಗೆ ಇರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕೋರ್ಸಿಕಾದ ರ‍್ಯಾಲಿಯಲ್ಲಿ ಹೆನ್ರಿ ತೋಯಿವೊನೆನ್ ಮತ್ತು ಕೋ-ಡ್ರೈವರ್ ಸೆರ್ಜಿಯೋ ಕ್ರೆಸ್ಟೊ ಸತ್ತ ಮೇಲೆ ಗ್ರೂಪ್ ಬಿ ಯುಗ ಮುಗಿಯಿತು.

ಸರ್ಕ್ಯೂಟ್ ಪಂದ್ಯ, ಅದರಲ್ಲೂ ಫಾರ್ಮುಲಾ ಒನ್, ನೋಡುಗನನ್ನು ದೂರ ಕೂರಿಸಿ ಆ ದೂರಕ್ಕೆ ಪರಿಹಾರವಾಗಿ ಎಲ್ಲವನ್ನೂ ತಿಳಿಯುವ ಸೌಲಭ್ಯ ಕೊಡುತ್ತದೆ. ಇಲ್ಲೂ ಬರಿಯ ವೇಗವೇ ಸೆಳೆತವೆಂದರೆ ಲೆಕ್ಕ ತಪ್ಪುತ್ತದೆ. ಇಟಲಿಯ ಮೊಂಜಾದಲ್ಲಿ ಅರ್ಹತಾ ಸುತ್ತಿನ ಸರಾಸರಿಯೇ ಗಂಟೆಗೆ 260 ಕಿ.ಮೀ. ದಾಟಿದೆ, 3.337 ಕಿ.ಮೀ. ಉದ್ದದ ಮೊನಾಕೊ ಬೀದಿಗಳಲ್ಲಿ ಒಂದು ತಿರುವನ್ನು ಕಾರುಗಳು ನಮ್ಮ ಊರ ಬಸ್ಸಿನ ವೇಗದಲ್ಲಿ ದಾಟುತ್ತವೆ, ಮುಂದಿನವನನ್ನು ಹಿಂದಿಕ್ಕಲು ಜಾಗವೇ ಇಲ್ಲ. ಆದರೂ 1929ರಿಂದ ನಡೆದುಬಂದ ಮೊನಾಕೊ ಪಂದ್ಯಕ್ಕಿರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಕಬ್ಬಿಣದ ತಡೆಗೋಡೆಗೂ ಚಕ್ರಕ್ಕೂ ನಡುವೆ ಅಂಗೈ ಅಗಲದ ಜಾಗ ಉಳಿಸಿ 78 ಸುತ್ತು ಹೊಡೆಯುವುದರಲ್ಲಿ ಕಾಣುವುದು ವೇಗಕ್ಕಿಂತ ಹೆಚ್ಚಾಗಿ ಏಕಾಗ್ರತೆ. 1988ರಲ್ಲಿ ಅದೇ ಬೀದಿಗಳಲ್ಲಿ ಐರ್ಟನ್ ಸೆನ್ನಾ ಅರ್ಹತಾ ಸುತ್ತಿನಲ್ಲಿ, ತನ್ನಂಥದೇ ಮೆಕ್‌ಲಾರೆನ್ ಓಡಿಸುತ್ತಿದ್ದ ಅಲೆನ್ ಪ್ರಾಸ್ಟ್‌ಗಿಂತ 1.427 ಸೆಕೆಂಡು ಮುಂದಿದ್ದ. ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕೆ ಬೆವರು ಸುರಿಸುವ ಆಟದಲ್ಲಿ ಇದು ನಂಬಲಾಗದ ಅಂತರ. ಬೈಬಲನ್ನು ಶ್ರದ್ಧೆಯಿಂದ ಓದುತ್ತಿದ್ದ ಸೆನ್ನಾ ಆಮೇಲೆ ಆ ಸುತ್ತುಗಳನ್ನು ನೆನೆದು, ತಾನು ಅರಿತು ಓಡಿಸುತ್ತಿಲ್ಲವೆಂದು ಆಗ ತನಗೆ ಹೊಳೆಯಿತು, ಇಡೀ ಪಥವೊಂದು ಸುರಂಗದಂತೆ ತೋರಿತು, ಹೆದರಿ ನಿಧಾನಿಸಿ ಹಿಂದಿರುಗಿದೆ ಎಂದು ಹೇಳಿಕೊಂಡಿದ್ದಾನೆ. ಧ್ಯಾನದ ಗ್ರಂಥಗಳನ್ನು ಓದಿದವರಿಗೆ ಈ ವಿವರ ಗುರುತು ಹತ್ತುವಂಥದು. ಆದರೆ ಗ್ಯಾಲರಿಯಲ್ಲಿದ್ದವರಿಗೆ ಕಂಡದ್ದು ಫಲಕದ ಮೇಲಿನ ಒಂದು ಸಂಖ್ಯೆ. ಓಡಿಸುವವನು ಸಾಕ್ಷಿಯಾಗಿದ್ದ ಗಳಿಗೆಯಲ್ಲಿ ನೋಡುವವರು ಲೆಕ್ಕಿಗರಾಗಿದ್ದರು. ಮರುದಿನದ ಪಂದ್ಯದಲ್ಲಿ ಬಹು ಮುಂದಿದ್ದ ಸೆನ್ನಾ ಮನಸ್ಸು ಸಡಿಲಿ ಗೋಡೆಗೆ ಬಡಿದ. ಅದು ಎಲ್ಲರಿಗೂ ಕಂಡಿತು.

ಇಂದು ಟಿ.ವಿ.ಯ ಮುಂದೆ ಕುಳಿತವನಿಗೆ ಚಾಲಕನ ತಲೆಯ ಮೇಲಿನ ಕ್ಯಾಮೆರಾ ಇದೆ, ಅವನ ರೇಡಿಯೊ ಮಾತು ಕೇಳುತ್ತದೆ, ಟೈರ್ ಎಷ್ಟು ಸವೆದಿದೆಯೆಂಬ ಅಂದಾಜೂ ಪರದೆಯ ಮೂಲೆಯಲ್ಲಿದೆ. ಅವನು ಒಬ್ಬ ಚಾಲಕನಿಗಿಂತಲೂ ಹೆಚ್ಚು ಬಲ್ಲವನು. ಅರಿವು ಇಷ್ಟು ಹೆಚ್ಚಿದರೂ ಪ್ಲಿನಿಯ ಬಣ್ಣದ ಬಟ್ಟೆ ಮಾತ್ರ ಹೋಗಿಲ್ಲ. ತಿಫೋಸಿ ಎಂದು ಕರೆಸಿಕೊಳ್ಳುವ ಫೆರಾರಿ ಅಭಿಮಾನಿಗಳು ಚಾಲಕ ಯಾರೇ ಇರಲಿ ಕೆಂಪಿನ ಹಿಂದೆಯೇ ಇರುತ್ತಾರೆ. ವರ್ಷಗಟ್ಟಲೆ ಎದುರಾಳಿಯಾಗಿದ್ದ ಲೂಯಿಸ್ ಹ್ಯಾಮಿಲ್ಟನ್ 2025ರಲ್ಲಿ ಕೆಂಪು ತೊಟ್ಟದ್ದೇ ತಡ, ಅವನು ಅವರವನಾದ.

ಅಮೆರಿಕದ ಓವಲ್ ಪಂದ್ಯಗಳಲ್ಲಿ, ಅಂದರೆ ಮೊಟ್ಟೆಯಾಕಾರದ ಪಥದ ಓಟಗಳಲ್ಲಿ, ನೋಡುಗನಿಗೆ ಇಡೀ ಪಥ ಒಂದೇ ನೋಟಕ್ಕೆ ಸಿಗುತ್ತದೆ. ಮರೆಗೆ ಹೋಗುವುದು ಏನೂ ಇಲ್ಲ. ಬೌದ್ಧಿಕ ಬೆರಗು ಇಲ್ಲಿ ಕಡಿಮೆ, ಸಮುದಾಯದ ಬಿಸಿ ಹೆಚ್ಚು. ಇಂಥ ಓಟಗಳ ನಾಸ್ಕಾರ್ ಸರಣಿಯ ಪಂದ್ಯಗಳು ಪ್ರಾರ್ಥನೆಯಿಂದ ಶುರುವಾಗುತ್ತವೆ, ಪಾದ್ರಿಯೊಬ್ಬರು ಚಾಲಕರ ಕ್ಷೇಮಕ್ಕಾಗಿ ದೇವರನ್ನು ಬೇಡುತ್ತಾರೆ, ಜನ ಟೋಪಿ ತೆಗೆದು ತಲೆ ಬಾಗುತ್ತಾರೆ, ಆಮೇಲೆ ಹಸಿರು ಬಾವುಟ. 2001ರ ಫೆಬ್ರವರಿ 18ರಂದು ಡೇಟೋನಾದಲ್ಲಿ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ಸತ್ತ. ಅವನ ಕಾರಿನ ಸಂಖ್ಯೆ 3. ಆ ವರ್ಷದ ಮುಂದಿನ ಪಂದ್ಯಗಳಲ್ಲಿ ಮೂರನೆಯ ಸುತ್ತು ಬಂದಾಗ ಸಾವಿರಾರು ಜನ ಎದ್ದುನಿಂತು ಮೂರು ಬೆರಳೆತ್ತಿ ಸುಮ್ಮನಿರುತ್ತಿದ್ದರು; ಟಿ.ವಿ. ವೀಕ್ಷಕ ವಿವರಣೆಕಾರರೂ ಆ ಸುತ್ತಿಗೆ ಬಾಯಿ ಮುಚ್ಚುತ್ತಿದ್ದರು, ಎಂಜಿನ್ನುಗಳು ಮಾತ್ರ ಗರ್ಜಿಸುತ್ತಿದ್ದವು. ಯಾರೂ ವಿಧಿಸದ ಈ ಆಚರಣೆಯನ್ನು ಶ್ರಾದ್ಧವೆನ್ನದೆ ಬೇರೇನನ್ನಬೇಕು? ಪ್ರಾರ್ಥನೆ ಮಾಡಿ ಓಟಕ್ಕೆ ಬಿಡುವುದು ಕಪಟವೆಂದು ಹೊರಗಿನವರಿಗೆ ತೋರಬಹುದು. ಆದರೆ ಅಪಾಯದಲ್ಲಿ ತಮಗೂ ಪಾಲಿದೆಯೆಂದು ಒಳಗೆ ಗೊತ್ತಿರುವವರು ಮಾತ್ರ ಹಾಗೆ ಬೇಡಿಕೊಳ್ಳುತ್ತಾರೆ. ಸಾಕ್ಷಿಯಷ್ಟೇ ಆದವನಿಗೆ ಯಾವ ಪ್ರಾರ್ಥನೆಯೂ ಬೇಕಿಲ್ಲ.

ಫ್ರಾನ್ಸಿನ ಲ ಮಾನ್‌ನಲ್ಲಿ 1923ರಿಂದ ನಡೆಯುವ 24 ಗಂಟೆಗಳ ಸಹನಾ ಪಂದ್ಯದಲ್ಲಿ ಸೆಳೆತ ಇನ್ನೊಂದು ಬಗೆಯದು. ಸಂಜೆ ಕಂಡ ಕಾರು ನಡುರಾತ್ರಿ ಬೆಳಕಿನ ಎರಡು ಚುಕ್ಕೆಯಾಗಿ, ಬೆಳಗಿನ ಮಂಜಿನಲ್ಲಿ ಎಣ್ಣೆ ಕೊಳೆ ಮೆತ್ತಿದ ಮುಖವಾಗಿ ಮತ್ತೆ ಮತ್ತೆ ಎದುರಾಗುತ್ತದೆ. ನೋಡುಗ ನಡುವೆ ಉಣ್ಣುತ್ತಾನೆ, ಗುಡಾರದಲ್ಲಿ ಮಲಗುತ್ತಾನೆ, ಏಳುತ್ತಾನೆ, ಅದಿನ್ನೂ ಓಡುತ್ತಿರುತ್ತದೆ. ಇದನ್ನು ಶಿವರಾತ್ರಿಯ ಜಾಗರಣೆಗೆ ಹೋಲಿಸಿದರೆ ಅತಿಯಾಗದು, ಏಕೆಂದರೆ ಎರಡರಲ್ಲೂ ಏನಾಗುತ್ತದೆ ಎಂಬುದಕ್ಕಿಂತ ಎಚ್ಚರವಿರುವುದು ಮುಖ್ಯ. 2016ರಲ್ಲಿ ಗೆಲುವು ಖಚಿತವಾಗಿದ್ದ ಟೊಯೊಟಾ ಕಾರು ಕೊನೆಯ ಕೆಲವೇ ನಿಮಿಷಗಳಿರುವಾಗ ಶಕ್ತಿ ಉಡುಗಿ ಆರಂಭದ ಗೆರೆಯ ಬಳಿಯೇ ನಿಂತುಬಿಟ್ಟಿತು, ಪೋರ್ಶೆ ಗೆದ್ದಿತು. ಕರ್ಮಕ್ಕಷ್ಟೇ ಅಧಿಕಾರ, ಫಲಕ್ಕಲ್ಲ ಎಂಬ ಗೀತೆಯ ಮಾತಿಗೆ ಇಷ್ಟು ಕ್ರೂರವಾದ ಟೀಕೆಯನ್ನು ಯಾವ ಆಚಾರ್ಯನೂ ಬರೆದಿರಲಾರ. ಆದರೆ ಲ ಮಾನ್ ಎಂದೊಡನೆ ನೆನಪಾಗುವ ವರ್ಷ 1955. ಜೂನ್ 11ರ ಸಂಜೆ ಪಿಯೆರ್ ಲೆವೆಯ ಮರ್ಸಿಡಿಸ್ ಕಾರು ಇನ್ನೊಂದಕ್ಕೆ ತಾಗಿ ಎಗರಿ, ಚೂರಾಗಿ, ಪಥದ ಪಕ್ಕದ ಜನರ ಮೇಲೆ ಬಿತ್ತು; 80ಕ್ಕೂ ಹೆಚ್ಚು ನೋಡುಗರು ಸತ್ತರು. ಜನ ಒಮ್ಮೆಲೇ ಹೊರಟರೆ ಆಂಬುಲೆನ್ಸುಗಳಿಗೆ ದಾರಿ ಕಟ್ಟುತ್ತದೆಂಬ ಕಾರಣ ಕೊಟ್ಟು ಪಂದ್ಯವನ್ನು ಮರುದಿನ ಸಂಜೆಯವರೆಗೂ ನಡೆಸಿದರು. 13 ಕಿ.ಮೀ. ಮೀರಿದ ಪಥದ ಇನ್ನೊಂದು ತುದಿಯಲ್ಲಿದ್ದವರು ಏನೂ ತಿಳಿಯದೆ ರಾತ್ರಿಯಿಡೀ ನೋಡುತ್ತಿದ್ದರೆಂಬುದನ್ನು ಯೋಚಿಸಿದರೆ, ಅರಿಯದ ಅನುಮೋದನೆಗೆ ದೋಷವುಂಟೇ ಎಂಬ ಹೊಸ ತೊಡಕು ಏಳುತ್ತದೆ. ಅದನ್ನು ಬಿಡಿಸುವುದು ಸುಲಭ. ತಿಳಿದೂ ಕುಳಿತವರದೇ ಕಷ್ಟ.

ಜನ ಬರುವುದು ಅಪಘಾತ ನೋಡಲೆಂದೇ ಎಂಬ ಆರೋಪ ಇಲ್ಲಿ ನಿಲ್ಲುತ್ತದೆಯೇ? ಅಭಿನವಗುಪ್ತನು ರಸಾನುಭವವನ್ನು ವಿವರಿಸುವಾಗ ಕೊಡುವ ಉದಾಹರಣೆ ಓಟದ್ದೇ: ದುಷ್ಯಂತನ ರಥಕ್ಕೆ ಹೆದರಿ ಕತ್ತು ಹೊರಳಿಸಿ ಹಿಂದೆ ನೋಡುತ್ತ ಓಡುವ ಜಿಂಕೆ. ಅಲ್ಲಿ ಭಯವು ಈ ಜಿಂಕೆಯದು, ಈ ಕಾಲದ್ದು, ಈ ಜಾಗದ್ದು ಎಂಬ ಗಡಿಗಳನ್ನು ಕಳಚಿಕೊಂಡು ಸಾಧಾರಣವಾಗುತ್ತದೆ, ಅಂದರೆ ಯಾರೊಬ್ಬರದೂ ಅಲ್ಲದ ಭಯವಾಗುತ್ತದೆ. ಆದ್ದರಿಂದಲೇ ಸಹೃದಯನು ಅದನ್ನು ಸವಿಯಬಲ್ಲ. ಮೋಟಾರು ಪಂದ್ಯದ ಭಯ ಎಂದೂ ಹೀಗೆ ಸಾಧಾರಣವಾಗುವುದಿಲ್ಲ. ಅದಕ್ಕೆ ಒಂದು ಹೆಸರು, ಒಂದು ಸಂಖ್ಯೆ, ಪಿಟ್ಟಿನಲ್ಲಿ ಕೈ ಹಿಸುಕಿಕೊಳ್ಳುತ್ತ ನಿಂತ ಹೆಂಡತಿ ಇದ್ದಾರೆ. ಹಾಗಾಗಿ ಇದು ರಸವಲ್ಲ, ಲೌಕಿಕವೇ. ಆದರೂ ಅಪಘಾತವೇ ಬೇಕಾಗಿದ್ದರೆ ಪಂದ್ಯ ಸುರಕ್ಷಿತವಾದಂತೆ ಜನ ಕರಗಬೇಕಿತ್ತು. 1994ರಲ್ಲಿ ಇಮೊಲಾದ ಪಥದಲ್ಲಿ ಚಾಲಕರಾದ ರಾಟ್ಸೆನ್‌ಬರ್ಗರ್ ಮತ್ತು ಸೆನ್ನಾ ಸತ್ತ ಮೇಲೆ ಫಾರ್ಮುಲಾ ಒನ್ ತನ್ನನ್ನು ಬಿಗಿಯಾಗಿ ತಿದ್ದಿಕೊಂಡಿತು, ಜನ ಕಡಿಮೆಯಾಗಲಿಲ್ಲ. 2020ರ ನವೆಂಬರ್ 29ರಂದು ಬಹ್ರೇನಿನಲ್ಲಿ ರೋಮಾಂ ಗ್ರೋಜಾನ್‌ನ ಕಾರು ತಡೆಗೋಡೆಯನ್ನು ಸೀಳಿ ಎರಡು ತುಂಡಾಗಿ ಹೊತ್ತಿ ಉರಿಯಿತು. ನೇರ ಪ್ರಸಾರದವರು ಅವನು ಬದುಕಿದ್ದಾನೆಂದು ತಿಳಿಯುವವರೆಗೆ ಆ ದೃಶ್ಯವನ್ನು ಮತ್ತೆ ತೋರಿಸಲಿಲ್ಲ. ಸಾವನ್ನು ರಂಗದ ಮೇಲೆ ನೇರ ತೋರಿಸಬಾರದೆಂದು ಭರತನ ನಾಟ್ಯಶಾಸ್ತ್ರ ವಿಧಿಸಿದ ಕಟ್ಟಳೆಯನ್ನು ಟಿ.ವಿ.ಯವರು ತಮ್ಮದೇ ದಾರಿಯಲ್ಲಿ ಕಂಡುಕೊಂಡಿದ್ದರು. ಸುಮಾರು 28 ಸೆಕೆಂಡು ಬೆಂಕಿಯಲ್ಲಿದ್ದು ಗ್ರೋಜಾನ್ ತಾನಾಗಿ ಹೊರಬಂದ. ಅವನ ತಲೆ ಕಾಯ್ದದ್ದು ಹೇಲೋ ಎಂಬ ಲೋಹದ ಕಮಾನು, ಅದನ್ನು ಕಡ್ಡಾಯ ಮಾಡಿದಾಗ ಅವನೇ ಬೇಡವೆಂದಿದ್ದ. ಆದರೆ ಬದುಕಿದನೆಂದು ತಿಳಿದ ಮೇಲೆ ಅದೇ ಬೆಂಕಿಯನ್ನು ಎಷ್ಟೋ ಸಲ ತೋರಿಸಿದರು. ಮತ್ತೆ ಕಾರು ಹತ್ತಲು ಕಾಯುತ್ತಿದ್ದ ಡೇನಿಯಲ್ ರಿಕಾರ್ಡೊ ಇದು ಅಸಹ್ಯವೆಂದು ಸಿಟ್ಟಾದ. ಜನರಿಗೆ ಬೇಕಾದದ್ದು ಸಾವಲ್ಲ, ಪಾರಾಗುವುದು ಎಂಬುದು ಇದರಿಂದ ಹೊರಡುವ ತೀರ್ಮಾನ; ಪಾರಾಗುವುದನ್ನು ಸವಿಯಲು ಬೆಂಕಿಯೂ ಬೇಕೆಂಬುದು ಅದರ ಬಾಲ.

ಮ್ಯಾನ್ ದ್ವೀಪದ ಟಿ.ಟಿ. ಬೈಕ್ ಪಂದ್ಯದಲ್ಲಿ ಈ ಬಾಲವೇ ತಲೆಯಾಗುತ್ತದೆ. 1907ರಲ್ಲಿ ಶುರುವಾದ ಈ ಪಂದ್ಯದ ಈಗಿನ ಮೌಂಟನ್ ಪಥ ಸುಮಾರು 60 ಕಿ.ಮೀ. ಉದ್ದದ ಸಾಮಾನ್ಯ ರಸ್ತೆ. ಮನೆ, ಚರ್ಚು, ದೀಪದ ಕಂಬ, ಕಲ್ಲುಗೋಡೆಗಳ ನಡುವೆ ಸವಾರರು ಗಂಟೆಗೆ 215 ಕಿ.ಮೀ. ಮೀರಿದ ಸರಾಸರಿಯಲ್ಲಿ ಹಾದುಹೋಗುತ್ತಾರೆ. ಈ ಪಥದಲ್ಲಿ ಇದುವರೆಗೆ ಸತ್ತವರು 260ಕ್ಕೂ ಹೆಚ್ಚು. 1972ರಲ್ಲಿ ಗೆಳೆಯ ಗಿಲ್ಬೆರ್ಟೊ ಪಾರ್ಲೊಟ್ಟಿ ಸತ್ತಾಗ ಜಗತ್ತಿನ ಅತಿ ದೊಡ್ಡ ಸವಾರನಾಗಿದ್ದ ಜಾಕೊಮೊ ಅಗೊಸ್ಟಿನಿ ಇನ್ನಿಲ್ಲಿ ಬರುವುದಿಲ್ಲವೆಂದ. 1976ರ ನಂತರ ಟಿ.ಟಿ. ವಿಶ್ವ ಚಾಂಪಿಯನ್‌ಶಿಪ್ಪಿನಿಂದ ಹೊರಬಿತ್ತು. ಇದರಿಂದ ಒಂದು ವಿಚಿತ್ರ ಶುದ್ಧಿ ಬಂತು: ಅಂಕಗಳಿಗಾಗಿ ಒಲ್ಲದ ಮನಸ್ಸಿನಿಂದ ಬರಬೇಕಾದವರು ಯಾರೂ ಉಳಿಯಲಿಲ್ಲ, ಬರುವವರೆಲ್ಲ ಬಯಸಿ ಬರುವವರೇ. ಕಾರಿತ ಎಂಬ ಎರಡನೆಯ ಎಳೆ ಇಲ್ಲಿ ಬಹುಪಾಲು ಕಡಿದುಹೋಗಿದೆ. ಸವಾರನ ಒಪ್ಪಿಗೆ ಸಂಪೂರ್ಣವಾಗಿದ್ದರೆ ನೋಡುಗನ ಪಾಲು ಇಲ್ಲವಾಗುವುದೇ? 2008ರ ಮೇ ತಿಂಗಳಲ್ಲಿ ಉತ್ತರ ಐರ್ಲೆಂಡಿನ ಇಂಥದೇ ರಸ್ತೆ ಪಂದ್ಯವೊಂದರ ಅಭ್ಯಾಸದಲ್ಲಿ ಸವಾರ ರಾಬರ್ಟ್ ಡನ್‌ಲಪ್ ಸತ್ತ. ಎರಡು ದಿನದ ಮೇಲೆ ಅದೇ ರಸ್ತೆಯಲ್ಲಿ ಅವನ ಮಗ ಮೈಕಲ್ ಬೈಕ್ ಹತ್ತಿ ಗೆದ್ದ. ಆ ದಿನ ಕೂಗಿದ ಸಾವಿರಾರು ಕಂಠಗಳು ಅನುಮೋದಿಸಿದ್ದು ಹಟವನ್ನೋ, ಪಿತೃಋಣವನ್ನೋ, ಇನ್ನೊಂದು ಸಾವಿನ ಸಾಧ್ಯತೆಯನ್ನೋ ಎಂದು ಬಿಡಿಸಿ ಹೇಳುವುದು ಕೂಗಿದವರಿಗೂ ಆಗದು.

ಕರ್ನಾಟಕದ ಜೈನಾಚಾರ್ಯ ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಅನರ್ಥದಂಡ, ಅಂದರೆ ಪ್ರಯೋಜನವಿಲ್ಲದ ಪಾಪಗಳ ಪಟ್ಟಿ ಬರುತ್ತದೆ. ಅದರಲ್ಲಿ ಮೊದಲನೆಯದು ಅಪಧ್ಯಾನ, ಎಂದರೆ ಪರರಿಗೆ ಜಯ, ಅಪಜಯ, ವಧೆ, ಅಂಗಚ್ಛೇದ ಮುಂತಾದವು ಹೇಗಾದಾವು ಎಂದು ಮನಸ್ಸಿನಲ್ಲೇ ಯೋಚಿಸುತ್ತಿರುವುದು. ಗಮನಿಸಬೇಕಾದುದು ಆ ಸಾಲಿನ ಕ್ರಮ: ವಧೆಗೂ ಮೊದಲು ಜಯಾಪಜಯ ಬಂದಿದೆ. ಪೂಜ್ಯಪಾದರ ಲೆಕ್ಕದಲ್ಲಿ ಅಭಿಮಾನಿಯ ಪಕ್ಷಪಾತವೂ ಅಪಘಾತದ ಕುತೂಹಲವೂ ಒಂದೇ ಮೊಳಕೆಯ ಎಲೆಗಳು. ಇದು ಕಠಿಣವೆನಿಸಬಹುದು, ಹೀಗೆ ಅಳೆದರೆ ಊರ ಕುಸ್ತಿಗೂ ಉಳಿಗಾಲವಿಲ್ಲ. ಆದರೆ ಪಕ್ಷವೇ ಇಲ್ಲದ ನೋಟ ಸಾಧ್ಯವೆಂದು ಉಪನಿಷತ್ತು ಹೇಳುವುದಾದರೆ, ಅದರ ಹತ್ತಿರಕ್ಕೆ ಬರುವವನು ಪರದೆಯ ಮುಂದಿನ ಸರ್ವಜ್ಞನಲ್ಲ, ಕಾರಿನ ಮೈ ಸವರಲು ಹೊರಟ ಗಂಡುಗಲಿಯೂ ಅಲ್ಲ. ಪ್ರಾಯಶಃ ಅವನು ಟಿ.ಟಿ. ಪಥದ ಕಲ್ಲುಗೋಡೆಯ ಹಿಂದೆ ಮೊಣಕಾಲ ಮೇಲೆ ಪಂದ್ಯದ ಪುಸ್ತಿಕೆ ಇಟ್ಟುಕೊಂಡು, ಕಿವಿಗೆ ಸ್ಥಳೀಯ ರೇಡಿಯೊ ಸಿಕ್ಕಿಸಿಕೊಂಡು ಕುಳಿತ ಮುದುಕ.

ಸವಾರರು ಅಲ್ಲಿ ಹತ್ತು ಸೆಕೆಂಡಿಗೊಬ್ಬರಂತೆ ಹೊರಡುತ್ತಾರೆ, ಒಂದು ಸುತ್ತಿಗೆ ಸುಮಾರು ಹದಿನೇಳು ನಿಮಿಷ ಬೇಕು. ಪ್ರತಿಯೊಂದು ಸಂಖ್ಯೆ ಹಾದುಹೋದಾಗ ಮುದುಕ ಪುಸ್ತಿಕೆಯಲ್ಲಿ ಅದರ ಮುಂದೆ ಪೆನ್ಸಿಲ್ಲಿನಿಂದ ಗೀಟು ಹಾಕುತ್ತಾನೆ. ಬೈಕಿನ ಸದ್ದು ತೋಟಗಳಾಚೆಯಿಂದ ಮೊದಲೇ ತಿಳಿಯುವುದರಿಂದ ತಲೆ ಎತ್ತುವ ಹೊತ್ತೂ ಅವನಿಗೆ ಗೊತ್ತು. ಒಂದು ಸುತ್ತಿನಲ್ಲಿ ಯಾವುದೋ ಸಂಖ್ಯೆ ಬರುವುದಿಲ್ಲ. ಮುಂದಿನವನು ಬರುತ್ತಾನೆ, ಅದರ ಮುಂದಿನವನೂ ಬರುತ್ತಾನೆ. ಆ ಹೊತ್ತಿನಲ್ಲಿ ಗೋಡೆಯ ಹಿಂದಿನವರೆಲ್ಲ ಒಂದನ್ನೇ ಬಯಸುತ್ತಿರುತ್ತಾರೆ: ಎಂಜಿನ್ ಕೆಟ್ಟಿರಲಿ. ಯಾರು ಗೆದ್ದಾರು ಎಂಬುದು ಅವರ ಮನಸ್ಸಿನಿಂದ ಆಗ ಅಳಿದಿರುತ್ತದೆ. ರೇಡಿಯೊದಲ್ಲಿ ವೀಕ್ಷಕ ವಿವರಣೆ ಮುಂದಿನ ಹೆಸರುಗಳನ್ನು ಓದುತ್ತ ಹೋಗುತ್ತದೆ, ಮುದುಕನ ಪೆನ್ಸಿಲ್ಲು ಆ ಖಾಲಿ ಮನೆಯ ಮೇಲೆ ನಿಂತಿರುತ್ತದೆ.